ಸಾಕುನಾಯಿಯ ನಡವಳಿಕೆಯೂ ಯಜಮಾನನ ಕರ್ತವ್ಯವೂ

ಬೇಸಾಯಕ್ಕೆ ಸಂಬಂಧಿಸಿದ ಕರಪತ್ರಗಳಲ್ಲಿ ನಾಯಿಯ ವಿಷಯವೇಕೆಂದು ಕೆಲವರು ಕೇಳಬಹುದು. ಎತ್ತು, ಎಮ್ಮೆ, ಕುರಿ, ಕೋಳಿಗಳ ವಿಚಾರವಾಗಿ ಎಷ್ಟೋ ಕರಪತ್ರಗಳು ಹೊರಟಿವೆ. ನಾಯಿಯಾದರೋ ಹಾಲು ಕೊಡುವುದಿಲ್ಲ, ನೇಗಿಲು ಎಳೆಯುವುದಿಲ್ಲ, ದನದ ಜಾತ್ರೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಹೀಗಿದ್ದಾಗ್ಯೂ ಕಣದಲ್ಲಿ ರಾಶಿಯಿರುವಾಗ ರಾತ್ರಿ ಕಾಯುವುದು, ಕುರಿಹಟ್ಟಿಯ ಬಳಿ ಚಿರತೆಯ ಸುಳಿವು ಹಿಡಿಯುವುದು, ತೋಟಕ್ಕೆ ಕಾಡುಹಂದಿ ನುಗ್ಗಿದಾಗ ಬೊಗಳಿ ಮನೆಯವರನ್ನು ಎಬ್ಬಿಸುವುದು ಅದೇ. ಸಂಬಳವಿಲ್ಲದೆ ದುಡಿಯುವ ಆ ಆಳನ್ನು ನಡೆಸಿಕೊಳ್ಳುವ ಕ್ರಮ ತಿಳಿಯದೆ ಕೆಡಿಸಿ, ಅದು ನೆರೆಮನೆಯ ಮಗುವನ್ನು ಕಚ್ಚಿದ ಮೇಲೆ ಊರ ಹೊರಗೆ ಬಿಟ್ಟುಬರುವುದು ನಮ್ಮಲ್ಲಿ ನಡೆದು ಬಂದಿರುವ ಸಂಗತಿ. ಇದರಿಂದ ಮಗುವಿಗೂ ಕೇಡು, ನಾಯಿಗೂ ಕೇಡು, ಅದನ್ನು ಬಿಟ್ಟುಬಂದ ಊರಿಗೂ ಕೇಡು.

ಇಲ್ಲಿ ಹೇಳುವ ವಿಷಯಗಳು ಎಲ್ಲ ಸೀಮೆಗೂ ಸಲ್ಲುವುವಾದರೂ, ಬೆಂಗಳೂರಿನ ದಕ್ಷಿಣದ ಗ್ರಾಮಗಳನ್ನೂ ಅವುಗಳ ಜಾಗದಲ್ಲಿ ಎದ್ದಿರುವ ಬಡಾವಣೆಗಳನ್ನೂ ವಿಶೇಷವಾಗಿ ಗಮನದಲ್ಲಿಟ್ಟು ಬರೆಯಲಾಗಿದೆ. 1948ನೆಯ ಇಸವಿಯಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕಿದ ಕಾಲಕ್ಕೆ ಸಿದ್ಧಾಪುರ, ಬೈರಸಂದ್ರ, ಯಡಿಯೂರುಗಳ ಸುತ್ತಮುತ್ತ ಹೊಲಗಳೂ ತೋಪುಗಳೂ ಇದ್ದುವು. ತರುವಾಯ ಬನಶಂಕರಿ, ಜೆ.ಪಿ. ನಗರಗಳು ಬೆಳೆದು ಕತ್ರಿಗುಪ್ಪೆ, ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿಗಳನ್ನು ಒಳಗೊಂಡುವು. ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳಂತೂ ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳೇ. ಹೊಲ ಹೋಯಿತು, ನಾಯಿ ಉಳಿಯಿತು. ಹೊಲದ ಬದುಗಳ ಮೇಲೆ ಇಚ್ಛೆ ಬಂದಂತೆ ತಿರುಗುತ್ತಿದ್ದ ಪ್ರಾಣಿಯ ವಂಶವು ಈಗ ಮೂವತ್ತಡಿಗೆ ನಾಲ್ವತ್ತಡಿಯ ನಿವೇಶನದ ಗೇಟಿನೊಳಗೆ, ಎಷ್ಟೋ ಕಡೆ ನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳೊಳಗೆ ಕಾಲ ಕಳೆಯುತ್ತಲಿದೆ. ಇದೇ ಮಾರ್ಪಾಟು ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಗಳ ಉದ್ದಕ್ಕೂ ಸಾಗುತ್ತಿರುವುದರಿಂದ, ಆ ಕಡೆಯ ಹಿಡುವಳಿದಾರರೂ ಗ್ರಾಮದ ಹಿರಿಯರೂ ಮುಂಚಿತವಾಗಿಯೇ ಈ ವಿಚಾರವನ್ನು ತಿಳಿದಿರುವುದು ಒಳ್ಳೆಯದು.

ನಾಯಿಯನ್ನು ಗೌರವಿಸುವುದು ನಮ್ಮ ನಾಡಿಗೆ ಹೊಸತೂ ಅಲ್ಲ, ಪರದೇಶದಿಂದ ಬಂದ ಶೋಕಿಯೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ವೀರಗಲ್ಲು ಕಾಳಿಯೆಂಬ ನಾಯಿಯದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ತನ್ನೊಡೆಯನಿಂದ ಬೇಡಿ ಪಡೆದ ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಯಜಮಾನಿಕೆಯೆಂಬುದರ ನಿಜವಾದ ಅರ್ಥ

ನಾಯಿ ಸಾಕುವವರಲ್ಲಿ ಒಂದು ನಂಬಿಕೆಯು ಬಲವಾಗಿ ಬೇರೂರಿದೆ. ನಾಯಿಯು ತೋಳದ ಕುಲಕ್ಕೆ ಸೇರಿದ್ದು. ತೋಳಗಳ ಗುಂಪಿನಲ್ಲಿ ಒಂದು ಒಡೆಯ ತೋಳವು ಮಿಕ್ಕವನ್ನು ಕಚ್ಚಿ ಕೆಡವಿ ಅಂಕೆಯಲ್ಲಿಡುತ್ತದೆ. ಆದುದರಿಂದ ಮನೆಯ ಯಜಮಾನನೂ ನಾಯಿಯನ್ನು ಹೊಡೆದು, ನೆಲಕ್ಕೆ ಒತ್ತಿ ಹಿಡಿದು, ತಾನೇ ಒಡೆಯನೆಂದು ತೋರಿಸಬೇಕು. ಇಲ್ಲವಾದರೆ ನಾಯಿಯೇ ಒಡೆಯನಾಗುತ್ತದೆ ಎಂಬುದು ಆ ನಂಬಿಕೆ. ಸಲಿಗೆ ಕೊಟ್ಟ ನಾಯಿ ತಲೆಗೇರುತ್ತದೆಂಬ ಹಳ್ಳಿಯ ಮಾತಿಗೆ ಇದು ಹೊಂದಿಕೊಳ್ಳುವುದರಿಂದ ಬೇಗನೆ ಮನಸ್ಸಿಗೆ ಹಿಡಿಯಿತು.

ಇದರ ಮೂಲವನ್ನು ವಿಚಾರಿಸಿದರೆ ತಳಹದಿಯೇ ಸಡಿಲವೆಂಬುದು ಕಾಣುತ್ತದೆ. ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದಲ್ಲಿ ಸೆರೆಯಲ್ಲಿದ್ದ ತೋಳಗಳನ್ನು ನೋಡಿ 1947ರಲ್ಲಿ ತಮ್ಮ ಬರಹವನ್ನು ಪ್ರಕಟಿಸಿದರು. ಅವು ಇಕ್ಕಟ್ಟಿನಲ್ಲಿ ಕೂಡಿಹಾಕಲ್ಪಟ್ಟವು. ಹೊರಟುಹೋಗಲು ದಾರಿಯಿಲ್ಲದ್ದರಿಂದ ಕಾದಾಡುತ್ತಿದ್ದುವು. ಒಂದೇ ಕೊಟ್ಟಿಗೆಯಲ್ಲಿ ಹತ್ತು ಊರಿನ ಹೋರಿಗಳನ್ನು ಬಿಟ್ಟು, ಅವು ಹಾಯುವುದನ್ನು ನೋಡಿ ಹೋರಿಯ ಸ್ವಭಾವವೇ ಇಷ್ಟೆಂದು ಬರೆದುಕೊಂಡಂತಾಯಿತು. ಡೇವಿಡ್ ಮೆಕ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞರು 1970ರಲ್ಲಿ ಬರೆದ ಪುಸ್ತಕದಿಂದ ಈ ಒಡೆತನದ ಮಾತು ಲೋಕವೆಲ್ಲ ಹರಡಿತು. ಅದೇ ಮೆಕ್ ಅವರು 1986ರಿಂದ ಕೆನಡದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಗೆಗಳನ್ನು ಕಾಡುತೋಳಗಳ ಬಳಿಯಲ್ಲೇ ಕಳೆದು, 1999ರಲ್ಲಿ ಬೇರೆಯ ತೀರ್ಮಾನವನ್ನು ಪ್ರಕಟಿಸಿದರು. ಕಾಡಿನಲ್ಲಿ ತೋಳದ ಗುಂಪೆಂದರೆ ಒಂದು ಸಂಸಾರ: ತಂದೆ, ತಾಯಿ, ಆ ವರ್ಷದ ಮತ್ತು ಹಿಂದಿನ ವರ್ಷಗಳ ಮರಿಗಳು. ಅಲ್ಲಿ ಪಟ್ಟಕ್ಕಾಗಿ ಜಗಳವಿಲ್ಲ. ಮರಿಗಳು ತಂದೆತಾಯಿಗಳನ್ನು ಅನುಸರಿಸುವುದು ನಮ್ಮ ಮಕ್ಕಳು ನಮ್ಮನ್ನು ಅನುಸರಿಸುವಂತೆಯೇ. ಕೊಪ್ಪಳದ ಕಡೆಯ ಕುರುಚಲು ಗುಡ್ಡಗಳಲ್ಲಿರುವ ನಮ್ಮ ತೋಳಗಳೂ ಇಂಥ ಸಂಸಾರಗಳಾಗಿಯೇ ಬಾಳುತ್ತವೆ.

ಇದಲ್ಲದೆ, ನಾಯಿಯು ತೋಳವೂ ಅಲ್ಲ. ಸಾವಿರಾರು ವರ್ಷಗಳಿಂದ ಮನುಷ್ಯನ ಒಲೆಯ ಬಳಿ ಬಾಳಿದ ಪ್ರಾಣಿಯದು. ಕೋಲ್ಕತ್ತದ ಬಳಿಯಿರುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರೂ ಅವರ ಶಿಷ್ಯರೂ ಬೀದಿನಾಯಿಗಳನ್ನು ಪರೀಕ್ಷಿಸಿ, ಯಾರಿಂದಲೂ ಶಿಕ್ಷಣ ಪಡೆಯದ ನಾಯಿಗಳೂ ಮನುಷ್ಯನು ಕೈ ತೋರಿಸಿದ ದಿಕ್ಕನ್ನು ಅರಿತು ನಡೆಯಬಲ್ಲವೆಂದೂ, ಪರಿಚಯವಿಲ್ಲದವನು ಕೆಲವು ಸಲ ಪ್ರೀತಿಯಿಂದ ತಲೆ ಸವರಿದರೆ ಬರಿಯ ತಿಂಡಿಗಿಂತ ಹೆಚ್ಚಾಗಿ ಅವನನ್ನು ನಂಬುವುವೆಂದೂ ಕಂಡುಕೊಂಡಿದ್ದಾರೆ. ಮಡಿವಾಳದ ಸಂತೆಯ ಬದಿಯಲ್ಲಿ ಮಲಗಿರುವ ನಾಯಿಯು ಮಾಂಸದಂಗಡಿಯವನ ಮುಖವನ್ನೇ ನೋಡುತ್ತಿರುವುದನ್ನು ಗಮನಿಸಿದವರಿಗೆ ಇದು ಆಶ್ಚರ್ಯವಲ್ಲ.

ಹೊಡೆಯುವುದರಿಂದ ಆಗುವ ಫಲವನ್ನೂ ಅಳೆದು ನೋಡಲಾಗಿದೆ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಪಶುವೈದ್ಯರು, ನಾಯಿಯ ನಡತೆ ಕೆಟ್ಟಿತೆಂದು ತಮ್ಮಲ್ಲಿಗೆ ಬಂದ 140 ಮಂದಿ ಸಾಕಿದವರನ್ನು ವಿಚಾರಿಸಿದರು. ಹೊಡೆಯುವುದು, ಒದೆಯುವುದು ಇವನ್ನು ಮಾಡಿದವರ ಪೈಕಿ ನೂರಕ್ಕೆ 43 ಮಂದಿಯ ನಾಯಿಗಳು ತಿರುಗಿಬಿದ್ದಿದ್ದುವು; ಅಂಗಾತ ಕೆಡವಿ ಅದುಮಿ ಹಿಡಿದವರಲ್ಲಿ ನೂರಕ್ಕೆ 31 ಮಂದಿಗೆ ಹಾಗಾಗಿತ್ತು. ಅರ್ಥಾತ್, ಕಚ್ಚುವುದನ್ನು ಬಿಡಿಸಲು ಮಾಡಿದ ಉಪಾಯವೇ ಕಚ್ಚುವುದನ್ನು ಕಲಿಸಿತು. ಹಳ್ಳಿಕಾರ್ ಹೋರಿಗಳನ್ನು ನೊಗಕ್ಕೆ ಪಳಗಿಸಿದ ರೈತರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾದ್ದಿಲ್ಲ. ಮೊದಲ ವಾರವೇ ಬಾರುಕೋಲಿನಿಂದ ಬಡಿಸಿಕೊಂಡ ಎಳೆಗರು ಮುಂದೆ ಮೊಂಡಾಗುತ್ತದೆ, ಇಲ್ಲವೇ ಹಾಯುತ್ತದೆ.

ಹಾಗಾದರೆ ಯಜಮಾನನು ಮಾಡಬೇಕಾದ್ದೇನು? ಕೆರೆಯ ತೂಬಿನ ಬಳಿ ನೀರುಗಂಟಿಯು ಯಾರನ್ನೂ ಹೊಡೆಯುವುದಿಲ್ಲ. ಆದರೂ ಅಚ್ಚುಕಟ್ಟಿನ ರೈತರೆಲ್ಲ ಅವನ ಮಾತಿಗೆ ಕಾಯುತ್ತಾರೆ. ಏಕೆಂದರೆ ನೀರು ಬಿಡುವವನು ಅವನು, ಮತ್ತು ಅವನು ಸರದಿ ತಪ್ಪುವುದಿಲ್ಲ. ನಾಯಿಗೂ ಯಜಮಾನನು ಇಂಥವನಾಗಿರಬೇಕು. ಅನ್ನ, ನೀರು, ತಿರುಗಾಟ, ಆಟ, ಬಾಗಿಲು ತೆಗೆಯುವುದು ಇವೆಲ್ಲ ಅವನ ಕೈಯಲ್ಲಿವೆ. ಇವುಗಳನ್ನು ನಿಯತಕಾಲದಲ್ಲಿ, ಒಂದೇ ರೀತಿಯಲ್ಲಿ, ನಾಯಿಯು ಶಾಂತವಾಗಿರುವಾಗ ಕೊಡುತ್ತ ಬಂದರೆ ಅದರ ಮನಸ್ಸು ತಾನಾಗಿ ಅವನ ಕಡೆಗೆ ತಿರುಗುತ್ತದೆ. ಇಂದು ಸೋಫಾದ ಮೇಲೆ ಹತ್ತಿಸಿಕೊಂಡು ಮುದ್ದಾಡಿ, ನಾಳೆ ನೆಂಟರು ಬಂದರೆಂದು ಅದೇ ಕೆಲಸಕ್ಕೆ ಒದೆಯುವ ಯಜಮಾನನನ್ನು ನಾಯಿಯು ಅರ್ಥಮಾಡಿಕೊಳ್ಳಲಾರದು. ಅಂಥವನ ಮನೆಯ ಆಳುಗಳೂ ನಿಲ್ಲುವುದಿಲ್ಲ.

ಕಲಿಸುವ ಕ್ರಮ

ಯಾವ ಕೆಲಸದ ಹಿಂದೆಯೇ ಸುಖವುಂಟಾಗುವುದೋ ಆ ಕೆಲಸವನ್ನು ಪ್ರಾಣಿಯು ಮತ್ತೆ ಮಾಡುತ್ತದೆ. ಯಾವುದರಿಂದ ಏನೂ ದೊರೆಯದೋ ಅದನ್ನು ಕ್ರಮೇಣ ಬಿಡುತ್ತದೆ. ಕಲಿಸುವುದೆಲ್ಲ ಇಷ್ಟರಲ್ಲೇ ಅಡಗಿದೆ. ಕಷ್ಟವಿರುವುದು ಹೊತ್ತಿನ ವಿಷಯದಲ್ಲಿ. ಬಹುಮಾನವು ಕೆಲಸವಾದ ಒಂದೆರಡು ಸೆಕೆಂಡುಗಳೊಳಗೆ ಬಾಯಿಗೆ ಬೀಳಬೇಕು. ನಾಯಿ ಕುಳಿತ ಮೇಲೆ ಅಡಿಗೆಮನೆಗೆ ಹೋಗಿ ತಿಂಡಿ ತರುವಷ್ಟರಲ್ಲಿ ಅದು ಎದ್ದು ಬೊಗಳುತ್ತಿರುತ್ತದೆ. ಆಗ ಕೊಟ್ಟ ತಿಂಡಿ ಬೊಗಳುವುದಕ್ಕೆ ಕೊಟ್ಟಂತೆ. ಶಿಕ್ಷೆಗೂ ಇದೇ ನ್ಯಾಯ. ಬೆಳಿಗ್ಗೆ ಚಪ್ಪಲಿ ಕಡಿದ ನಾಯಿಯನ್ನು ಸಂಜೆ ಕಚೇರಿಯಿಂದ ಬಂದು ಹೊಡೆದರೆ, ಯಜಮಾನನು ಮನೆಗೆ ಬರುವುದೇ ಅಪಾಯವೆಂದು ಅದು ತಿಳಿಯುತ್ತದೆಯೇ ಹೊರತು ಚಪ್ಪಲಿಯ ನೆನಪು ಅದಕ್ಕೆ ಬಾರದು. ಆಗ ಅದು ತಲೆ ತಗ್ಗಿಸಿ ಮೂಲೆ ಸೇರುವುದನ್ನು ನೋಡಿ ತಪ್ಪೊಪ್ಪಿಕೊಂಡಿತೆಂದು ಜನರು ಭಾವಿಸುತ್ತಾರೆ. ಅದು ತಪ್ಪಿನ ಅರಿವಲ್ಲ, ಯಜಮಾನನ ಮುಖ ನೋಡಿ ಹುಟ್ಟಿದ ಭಯ.

ಕೂರುವುದನ್ನು ಕಲಿಸಲು, ಬೆರಳುಗಳ ನಡುವೆ ಬೇಯಿಸಿದ ಕೋಳಿಯ ಚೂರನ್ನೋ ಮೊಟ್ಟೆಯ ತುಣುಕನ್ನೋ ಹಿಡಿದು, ನಾಯಿಯ ಮೂಗಿನ ಬಳಿಯಿಂದ ನಿಧಾನವಾಗಿ ಅದರ ತಲೆಯ ಮೇಲೆ ಹಿಂದಕ್ಕೆ ಒಯ್ಯಬೇಕು. ಮೂತಿ ಮೇಲಾದಾಗ ಹಿಂಭಾಗವು ತಾನೇ ನೆಲಕ್ಕೆ ತಗಲುತ್ತದೆ. ಆ ಕ್ಷಣದಲ್ಲಿ ಕೊಡಬೇಕು. ಬೆನ್ನಿನ ಮೇಲೆ ಕೈಯಿಟ್ಟು ಒತ್ತಕೂಡದು. ಹತ್ತಾರು ಸಲ ಹೀಗಾದ ಮೇಲೆ, ಕೈ ಆಡಿಸುವುದಕ್ಕೆ ಮುಂಚೆ “ಕೂರು” ಎಂಬ ಮಾತನ್ನು ಒಂದು ಸಲ ಮಾತ್ರ ಹೇಳಬೇಕು. ಒಂದು ಪಾಠಕ್ಕೆ ಐದು ನಿಮಿಷ ಸಾಕು. ದಿನಕ್ಕೆ ಮೂರು ಸಲ ಮಾಡಿದರೆ ಅರ್ಧ ಗಂಟೆಯ ಒಂದು ಪಾಠಕ್ಕಿಂತ ಹೆಚ್ಚು ಫಲ. ಆಮೇಲೆ ತಟ್ಟೆ ಇಡುವ ಮುನ್ನ ಕೂರಿಸುವುದು, ಗೇಟು ತೆರೆಯುವ ಮುನ್ನ ಕೂರಿಸುವುದು, ಹಗ್ಗ ಕಟ್ಟುವ ಮುನ್ನ ಕೂರಿಸುವುದು ರೂಢಿಯಾಗಬೇಕು. ಇಷ್ಟರಿಂದಲೇ ಗೇಟು ತೆರೆದೊಡನೆ ರಸ್ತೆಗೆ ನುಗ್ಗುವ ನಾಯಿಗಳಲ್ಲಿ ಬಹುಪಾಲು ನಿಲ್ಲುವುದನ್ನು ಕಲಿಯುತ್ತವೆ.

ಕರೆದಾಗ ಬರುವುದು ಎಲ್ಲಕ್ಕಿಂತ ಮುಖ್ಯವಾದ ಪಾಠ, ಜನರು ಕೆಡಿಸುವುದೂ ಇದನ್ನೇ. ನಾಯಿಯನ್ನು ಕರೆದು, ಬಂದ ಮೇಲೆ ಸ್ನಾನಕ್ಕೋ ಸರಪಳಿಗೋ ಹಾಕಿದರೆ ಮೂರನೆಯ ದಿನ ಅದು ಬಾರದು. ತಡವಾಗಿ ಬಂದರೂ ಗದರಿಸಕೂಡದು. ಬಂದುದಕ್ಕೆ ಸಂತೋಷವನ್ನೇ ತೋರಿಸಬೇಕು.

ಮನೆಯವರೆಲ್ಲರೂ ಒಂದು ಕೆಲಸಕ್ಕೆ ಒಂದೇ ಮಾತನ್ನು ಉಪಯೋಗಿಸಬೇಕು. ಅಜ್ಜಿಯು “ಇಲ್ಲಿ ಬಾರೋ” ಎನ್ನುವುದು, ಮಗನು “ಕಮ್” ಎನ್ನುವುದು, ಕೆಲಸದಾಕೆಯು ತೆಲುಗಿನಲ್ಲೋ ತಮಿಳಿನಲ್ಲೋ ಕರೆಯುವುದು ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯ. ಮನುಷ್ಯರು ನಾಲ್ಕು ಭಾಷೆಗಳಲ್ಲಿ ಬದುಕಬಲ್ಲರು. ನಾಯಿಗೆ ಒಂದು ಭಾಷೆಯ ಐದಾರು ಮಾತುಗಳನ್ನು ಗಟ್ಟಿಮಾಡಿ ಕೊಡುವುದು ಲೇಸು. ಅಜ್ಜಿಯ ಮಾತನ್ನೇ ಎಲ್ಲರೂ ಹಿಡಿಯಬಹುದು, ಏಕೆಂದರೆ ಹಗಲೆಲ್ಲ ಮನೆಯಲ್ಲಿರುವವಳು ಅವಳೇ.

ನಾಯಿಯು ಹೇಳುವುದನ್ನು ಓದುವ ಬಗೆ

ನಾಯಿಗೆ ಬಾಯಿಲ್ಲವೆನ್ನುವುದು ಪೂರ್ತಿ ನಿಜವಲ್ಲ. ಅದರ ಮೈಯೆಲ್ಲ ಬಾಯಿ. ಬಾಲವಾಡಿಸುವ ನಾಯಿಯೆಲ್ಲ ಸ್ನೇಹದ್ದೆಂದು ತಿಳಿಯುವುದು ತಪ್ಪು. ಸೊಂಟವೂ ಸೇರಿ ಮೈಯೆಲ್ಲ ಸಡಿಲವಾಗಿ ಬಳುಕುತ್ತ ಬಾಲವು ಅಗಲವಾಗಿ ಆಡಿದರೆ ಸಂತೋಷ. ಬಾಲವು ನೆಟ್ಟಗೆ ಮೇಲೆದ್ದು, ಮೈ ಬಿಗಿದು, ತುದಿ ಮಾತ್ರ ಚುರುಕಾಗಿ ಅದುರಿದರೆ ಅದು ಎಚ್ಚರಿಕೆ, ಹತ್ತಿರ ಹೋಗಕೂಡದು. ಕಾಲುಗಳ ನಡುವೆ ಸೇರಿದ ಬಾಲವು ಭಯದ್ದು. ಮತ್ತು ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ಧೈರ್ಯದಿಂದ ಕಚ್ಚುವುದಿಲ್ಲ, ಭಯದಿಂದ ಕಚ್ಚುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ಗುರುತುಗಳುಂಟು. ಎದುರಿಗೆ ತಿನಿಸಿಲ್ಲದಿರುವಾಗ ಮೂಗನ್ನು ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿಯನ್ನು ತೋರಿಸುವುದು, ಮೈ ಒದ್ದೆಯಾಗದಿದ್ದರೂ ಕೊಡವಿಕೊಳ್ಳುವುದು, ಒಂದು ಮುಂಗಾಲನ್ನು ಎತ್ತಿ ನಿಲ್ಲುವುದು, ಇವೆಲ್ಲ “ನನಗಿದು ಸಾಕು” ಎಂಬುದರ ಗುರುತುಗಳು. ಮಗುವು ನಾಯಿಯ ಕೊರಳನ್ನು ತಬ್ಬಿರುವ ಚಿತ್ರಗಳನ್ನು ಜನರು ಮೆಚ್ಚಿ ತೆಗೆಯುತ್ತಾರೆ. ಆ ಚಿತ್ರದಲ್ಲಿ ನಾಯಿಯ ಮುಖವನ್ನು ಮಾತ್ರ ನೋಡಿರಿ, ಎಷ್ಟೋ ಸಲ ಈ ಗುರುತುಗಳಲ್ಲಿ ಎರಡಾದರೂ ಕಾಣುತ್ತವೆ. ಇವುಗಳನ್ನು ಯಾರೂ ಓದದಿದ್ದರೆ ನಾಯಿಯು ಗುರುಗುಟ್ಟುತ್ತದೆ. ಅದಕ್ಕೂ ಲಕ್ಷ್ಯವಿಲ್ಲದಿದ್ದರೆ ಹಲ್ಲು ತೋರುತ್ತದೆ, ಗಾಳಿಯಲ್ಲಿ ಬಾಯಿ ಹಾಕುತ್ತದೆ, ಆಮೇಲೆ ಕಚ್ಚುತ್ತದೆ.

ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯುವುದು ಮಹಾ ಅವಿವೇಕ. ಗುರುಗುಟ್ಟುವುದು ಕಾವಲುಗಾರನು ಕೂಗಿ ಎಚ್ಚರಿಸಿದಂತೆ. ಹೊಡೆದು ಅದನ್ನು ನಿಲ್ಲಿಸಿದರೆ ಒಳಗಿನ ಭಯವು ಹೋಗುವುದಿಲ್ಲ, ಕೂಗು ಮಾತ್ರ ಹೋಗುತ್ತದೆ. ಏನೂ ಸೂಚನೆಯಿಲ್ಲದೆ ಕಚ್ಚಿತೆಂದು ದೂರುವ ಮನೆಗಳಲ್ಲಿ ಹಿಂದೆ ಆ ಸೂಚನೆಯನ್ನು ಹೊಡೆದು ಅಡಗಿಸಿದ್ದುಂಟೇ ಎಂದು ಮೊದಲು ವಿಚಾರಿಸಬೇಕು. ಗುರುಗುಟ್ಟಿದಾಗ ಮಾಡತಕ್ಕದ್ದು ಇಷ್ಟೆ: ನಿಂತು, ಹಿಂದಕ್ಕೆ ಸರಿದು, ಯಾವುದಕ್ಕೆ ಗುರುಗುಟ್ಟಿತೆಂಬುದನ್ನು ಕಂಡುಕೊಳ್ಳುವುದು. ತಟ್ಟೆಯ ಮುಂದೆಯಾದರೆ, ತಟ್ಟೆಯನ್ನು ಕಿತ್ತುಕೊಳ್ಳುವ ಬದಲು, ಉಣ್ಣುತ್ತಿರುವಾಗ ದೂರದಿಂದಲೇ ಅದಕ್ಕಿಂತ ರುಚಿಯಾದ ಚೂರನ್ನು ಎಸೆದು ಹೋಗುತ್ತಿದ್ದು, ನಾಯಿಯ ಮೈ ಸಡಿಲವಾಗಿಯೇ ಉಳಿದರೆ ಮಾತ್ರ ದಿನದಿಂದ ದಿನಕ್ಕೆ ಸ್ವಲ್ಪ ಹತ್ತಿರವಾಗುತ್ತ ಬಂದರೆ, ಮನುಷ್ಯನ ಬರವು ಕಳ್ಳತನವಲ್ಲ, ಲಾಭವೆಂದು ಅದು ತಿಳಿಯುತ್ತದೆ. ಈ ಕೆಲಸ ದೊಡ್ಡವರದು, ಮಕ್ಕಳದಲ್ಲ.

ಮೊದಲು ಸಾಧುವಾಗಿದ್ದ ನಾಯಿಯು ಇದ್ದಕ್ಕಿದ್ದಂತೆ ಸಿಡುಕಾದರೆ ನಡತೆಯನ್ನು ದೂರುವುದಕ್ಕೆ ಮುಂಚೆ ಮೈಯನ್ನು ನೋಡಬೇಕು. ಕಿವಿಯೊಳಗಿನ ಹುಣ್ಣು, ಹಲ್ಲುನೋವು, ಮುದಿನಾಯಿಯ ಕೀಲುನೋವು, ಉಣ್ಣೆಗಳಿಂದ ಹತ್ತುವ ಜ್ವರ ಇವೆಲ್ಲ ನಾಯಿಯನ್ನು ಕಚ್ಚುವಂತೆ ಮಾಡುತ್ತವೆ. ಹತ್ತಿರದ ಪಶುಚಿಕಿತ್ಸಾಲಯದಲ್ಲಾಗಲಿ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ ತೋರಿಸುವುದು ಮೊದಲ ಕೆಲಸ.

ಮರಿಯ ಕಾಲ

ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿದ್ವಾಂಸರಿಬ್ಬರು ಅನೇಕ ವರ್ಷ ಮರಿಗಳನ್ನು ಸಾಕಿ ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ವಿಷಯವು ಈಗಲೂ ನಿಂತಿದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದ ವರೆಗೆ ಮರಿಯು ಏನನ್ನು ಸುಖವಾಗಿ ಕಾಣುವುದೋ, ಕೇಳುವುದೋ ಅದನ್ನೆಲ್ಲ ಲೋಕದ ಸಹಜವಾದ ಭಾಗವೆಂದು ಒಪ್ಪಿಕೊಳ್ಳುತ್ತದೆ. ಆ ಬಾಗಿಲು ಮುಚ್ಚಿದ ಮೇಲೆ ಹೊಸದೆಲ್ಲವೂ ಅದಕ್ಕೆ ಸಂದೇಹದ್ದು. ಬಿತ್ತನೆಯ ಹದ ತಪ್ಪಿದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಬೆಳೆ ಹಿಂದೆಯೇ ಉಳಿಯುವಂತೆ, ಈ ಕಾಲವನ್ನು ಕಳೆದುಕೊಂಡ ಮರಿಯನ್ನು ತಿದ್ದುವುದು ಬಹಳ ಪ್ರಯಾಸ. ಆದುದರಿಂದ ಮರಿಯನ್ನು ಎಂಟು ವಾರ ತಾಯಿಯ ಬಳಿ ಬಿಟ್ಟು ಅನಂತರ ತರಬೇಕು. ತಂದ ಮೇಲೆ ಮಕ್ಕಳು, ಮುದುಕರು, ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ತಳ್ಳುವ ಗಾಡಿ, ಮಿಕ್ಸಿಯ ಸದ್ದು, ದನ, ಬಸ್ಸು ಇವನ್ನೆಲ್ಲ ದೂರದಿಂದ, ತಿಂಡಿ ಕೊಡುತ್ತ, ತೋರಿಸಬೇಕು. ಲಸಿಕೆಗಳು ಮುಗಿಯುವ ತನಕ ಬೀದಿಯ ನೆಲಕ್ಕೆ ಬಿಡದೆ ತೋಳಿನಲ್ಲಿ ಎತ್ತಿಕೊಂಡು ಹೋಗಬಹುದು.

ತಳಿಯ ಆಯ್ಕೆಯ ವಿಷಯದಲ್ಲಿ ಒಂದು ಮಾತು. ಹಿಮದ ದೇಶದ ದಪ್ಪ ತುಪ್ಪಟದ ನಾಯಿಗಳನ್ನು ದುಡ್ಡು ಕೊಟ್ಟು ತಂದು ಏಪ್ರಿಲ್ ತಿಂಗಳಲ್ಲಿ ಏದುಸಿರು ಬಿಡಿಸುವುದು ವಿವೇಕವಲ್ಲ. ಬೀದಿಯ ನಾಡುಮರಿಯು ಈ ಹವೆಗೆ ಹುಟ್ಟಿದ್ದು, ಚುರುಕಾದುದು, ಖರ್ಚು ಕಡಿಮೆ. ನಮ್ಮ ನಾಡಿನ ಮುಧೋಳ ನಾಯಿಯು ಬೇಟೆಯ ಓಟಕ್ಕಾಗಿ ಬೆಳೆದ ತಳಿ. ಮುಧೋಳದ ಘೋರ್ಪಡೆ ಮನೆತನದವರು ಅದನ್ನು ಉಳಿಸಿ ಬೆಳೆಸಿದರು, 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿಯೂ ಹೊರಟಿತು. ಆದರೆ ಓಡಲು ಬಯಲಿಲ್ಲದ ಮನೆಯಲ್ಲಿ ಅದನ್ನು ಕಟ್ಟಿಹಾಕುವುದು ಓಟದ ಹೋರಿಯನ್ನು ಗಾಣಕ್ಕೆ ಕಟ್ಟಿದಂತೆ. ಮುಧೋಳದ ಬಳಿ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಈ ತಳಿಯ ಮರಿಗಳನ್ನು ಬೆಳೆಸುತ್ತಾರೆ. ತೋಟವುಳ್ಳ ಹಿಡುವಳಿದಾರರು ಅಲ್ಲಿ ವಿಚಾರಿಸಬಹುದು. ಉಗ್ರವೆಂದು ಹೇಳಲಾದ ಸುಮಾರು ಇಪ್ಪತ್ತಮೂರು ತಳಿಗಳನ್ನು ನಿಷೇಧಿಸಲು ಕೇಂದ್ರ ಸರ್ಕಾರವು 2024ರ ಮಾರ್ಚಿಯಲ್ಲಿ ಸುತ್ತೋಲೆ ಹೊರಡಿಸಿತು. ಅದನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ಮರುತಿಂಗಳೇ ರದ್ದುಪಡಿಸಿತು. ತಳಿಯಿಂದ ಬಲ ಹೆಚ್ಚು ಕಡಿಮೆಯಾಗುವುದು ನಿಜ. ಆ ಬಲವು ಯಾರ ಮೇಲೆ ತಿರುಗುವುದೆಂಬುದು ಬಹುಮಟ್ಟಿಗೆ ಸಾಕಿದವರ ಕೈಯಲ್ಲಿದೆ.

ಪೇಟೆಯ ಮನೆಯ ತೊಡಕುಗಳು

ಹಗಲೆಲ್ಲ ಮೋಟು ಸರಪಳಿಯಲ್ಲಿ ಕಟ್ಟಿದ ನಾಯಿಯು ಉತ್ತಮ ಕಾವಲುಗಾರನಾಗುತ್ತದೆಂಬ ಎಣಿಕೆ ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಕಟ್ಟಿದ ನಾಯಿಗೆ ಓಡಿಹೋಗುವ ದಾರಿಯಿಲ್ಲ. ಬಂದವರೆಲ್ಲ ಅದಕ್ಕೆ ಬೆದರಿಕೆ. ಅದು ಅಂಚೆಯವನಿಗೂ ಕಳ್ಳನಿಗೂ ಭೇದವಿಲ್ಲದೆ ಬೊಗಳಿ, ಕೊನೆಗೆ ಅದರ ಕೂಗಿಗೆ ಮನೆಯವರೇ ಏಳುವುದಿಲ್ಲ. ಒಳ್ಳೆಯ ಕಾವಲುನಾಯಿಯು ಸುಮ್ಮನಿರುವುದನ್ನೂ ಬಲ್ಲದು. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆಯಾದರೂ ನಡೆಸಬೇಕು, ಮತ್ತು ಆ ನಡಿಗೆಯಲ್ಲಿ ಮೂಸಲು ಬಿಡಬೇಕು. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕಣಗಳು ಅರುವತ್ತು ಲಕ್ಷದೊಳಗಾದರೆ ನಾಯಿಗೆ ಇಪ್ಪತ್ತು ಕೋಟಿಗೂ ಮೇಲೆ. ಕಂಬಕಂಬಕ್ಕೂ ನಿಲ್ಲುತ್ತದೆಂದು ಎಳೆದುಕೊಂಡು ಹೋಗುವುದು, ಚಾವಡಿಯಲ್ಲಿ ಪತ್ರಿಕೆ ಓದುತ್ತಿರುವವನ ಕೈಯಿಂದ ಅದನ್ನು ಕಿತ್ತುಕೊಂಡಂತೆ. ಬೇಸಗೆಯಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಭಾಗವನ್ನಿಟ್ಟು ನೋಡಿ, ತಾಳಲಾರದಷ್ಟು ಬಿಸಿಯಿದ್ದರೆ ನಾಯಿಯನ್ನು ಒಯ್ಯಕೂಡದು.

ಹಗ್ಗದಲ್ಲಿರುವ ಮನೆನಾಯಿಗೂ ಬೀದಿಯ ನಾಯಿಗಳಿಗೂ ಮೂಲೆಮೂಲೆಯಲ್ಲಿ ಜಗಳವಾಗುವುದು ಈ ಬಡಾವಣೆಗಳ ದಿನನಿತ್ಯದ ದೂರು. ಹಗ್ಗವನ್ನು ಬಿಗಿಹಿಡಿದರೆ ನಾಯಿಯ ತಲೆ ಮೇಲಾಗಿ ಎದೆ ಮುಂದಾಗುತ್ತದೆ. ಎದುರು ನಾಯಿಗೆ ಅದು ಜಗಳದ ಆಹ್ವಾನವಾಗಿ ಕಾಣುತ್ತದೆ. ಹಗ್ಗವನ್ನು ಸಡಿಲಬಿಟ್ಟು, ನೇರವಾಗಿ ಎದುರಾಗದೆ ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ದಾಟಬೇಕು. ಬೀದಿನಾಯಿಗಳನ್ನು ಹಿಡಿದು ಬೇರೆ ಊರಿಗೆ ಬಿಡುವುದು ಕೂಡದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯು ಅವಕ್ಕೆ ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಬೇಕು; ಮಕ್ಕಳಾಡುವ ಜಾಗದಿಂದ ದೂರದಲ್ಲಿ ಅನ್ನ ಹಾಕುವ ಸ್ಥಳವನ್ನೂ ಗೊತ್ತುಮಾಡಬೇಕು. ಬೆಂಗಳೂರು ಮಹಾನಗರ ಪಾಲಿಕೆಯ ಗಣತಿಯಲ್ಲಿ 2019ರಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳ ಸಂಖ್ಯೆಯು 2023ರಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ನಗರದಂಚಿನ ಗ್ರಾಮಗಳ ಹಿರಿಯರು ತಮ್ಮ ಪಂಚಾಯಿತಿಯಿಂದಲೂ ಇದೇ ಕೆಲಸವನ್ನು ಮಾಡಿಸತಕ್ಕದ್ದು. ಒಂದು ಹೆಣ್ಣುನಾಯಿಯು ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಗರ್ಭವು ಸುಮಾರು 63 ದಿನ. ಬೇಡದ ಮರಿಗಳನ್ನು ಚೀಲದಲ್ಲಿ ಕಟ್ಟಿ ಕೆರೆಯಂಗಳದಲ್ಲಿ ಬಿಡುವ ಪದ್ಧತಿಗೆ ಹೇಸಿಗೆಯೆಂದಲ್ಲದೆ ಬೇರೆ ಹೆಸರಿಲ್ಲ.

ದೀಪಾವಳಿಯ ಪಟಾಕಿಗೆ ನಾಯಿಯು ನಡುಗಿದರೆ, ಹೆದರಿದ್ದಕ್ಕೆ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆಂಬ ಮಾತನ್ನು ನಂಬಬೇಕಾಗಿಲ್ಲ. ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಹತ್ತಿರ ಕುಳಿತುಕೊಳ್ಳಬಹುದು. ಆ ದಿನಗಳಲ್ಲಿ ಗೇಟು ಭದ್ರವಾಗಿರಲಿ; ನಾಯಿಗಳು ಕಳೆದುಹೋಗುವ ಕಾಲವದು.

ಕಚ್ಚಿದಾಗ

ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಯಾರೂ ಕೈ ಮುಂದೆ ಮಾಡಕೂಡದು. ಐದಾರು ವರ್ಷದ ಮಗುವನ್ನು ನಾಯಿಯೊಡನೆ, ಅದು ಎಷ್ಟೇ ಸಾಧುವಾಗಿರಲಿ, ಒಂಟಿಯಾಗಿ ಬಿಡಬಾರದು. ಅಪರಿಚಿತ ನಾಯಿ ಅಟ್ಟಿಬಂದರೆ ಓಡದೆ, ಕೈಗಳನ್ನು ಮೈಗೆ ಸೇರಿಸಿ, ನೆಲ ನೋಡುತ್ತ ಮರದಂತೆ ನಿಲ್ಲಲು ಮಕ್ಕಳಿಗೆ ಕಲಿಸಬೇಕು.

ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಕಾಣಿಸಿದ ಮೇಲೆ ಬದುಕುವ ಆಸೆಯಿಲ್ಲ. ಅದಕ್ಕೆ ಮುಂಚೆ ಸರಿಯಾಗಿ ಲಸಿಕೆ ಹಾಕಿಸಿದರೆ ಸಾಯುವ ಭಯವೂ ಇಲ್ಲವೆನ್ನಬಹುದು. ಲೋಕದಲ್ಲಿ ಈ ರೋಗದಿಂದ ಸಾಯುವವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಮ್ಮ ದೇಶದವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಮನೆಯ ನಾಯಿಗೆ ಮೂರು ತಿಂಗಳ ಪ್ರಾಯದಲ್ಲಿ ಮೊದಲ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ಮರುಲಸಿಕೆ, ಆಮೇಲೆ ವರ್ಷವರ್ಷವೂ ಹಾಕಿಸಿ ಚೀಟಿಯನ್ನು ಪಹಣಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಮೇರೆಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ಜುಲ್ಮಾನೆ, ಇಲ್ಲವೇ ಎರಡೂ ಆಗಬಹುದು.

ಯಾವ ನಾಯಿಯೇ ಕಚ್ಚಲಿ, ಹಲ್ಲು ತರಚಲಿ, ಗಾಯವನ್ನು ಕೂಡಲೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ, ಕಾಫಿಪುಡಿ ಯಾವುದನ್ನೂ ಮೆತ್ತಕೂಡದು. ಬಟ್ಟೆಯಿಂದ ಬಿಗಿದು ಕಟ್ಟಕೂಡದು. ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಸೂಜಿಯನ್ನು ಆರಂಭಿಸಬೇಕು. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7, 28ನೆಯ ದಿನಗಳಲ್ಲಿ ಕೊಡುತ್ತಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಗಳೆಂಬ ಹಳೆಯ ಹೆದರಿಕೆಗೆ ಈಗ ಕಾರಣವಿಲ್ಲ. ಆ ಔಷಧವನ್ನು ನಿಲ್ಲಿಸಿ ಬಹಳ ವರ್ಷಗಳಾದುವು. ರಕ್ತ ಬಂದ ಗಾಯವಾದರೆ ಗಾಯದೊಳಕ್ಕೇ ಹಾಕುವ ಇನ್ನೊಂದು ಔಷಧವೂ ಬೇಕಾಗುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ನಾಲ್ಕು ಸಲ ಹೋಗಬೇಕಾದಲ್ಲಿ ಎರಡು ಸಲ ಹೋಗಿ, ಗಾಯ ಮಾಯಿತೆಂದು ಬಿಡಬಾರದು.

ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಭದ್ರವಾಗಿ ಕಟ್ಟಿಹಾಕಿ ನೋಡುತ್ತಿರಬೇಕು. ಆದರೆ ನಾಯಿ ಏನಾಗುವುದೆಂದು ಕಾದು ನೋಡಿ ಆಮೇಲೆ ಸೂಜಿಗೆ ಹೋಗುವುದು ಕೂಡದು. ಎರಡೂ ಒಟ್ಟಿಗೆ ನಡೆಯಬೇಕು. ಆ ಅವಧಿಯಲ್ಲಿ ನಾಯಿಗೆ ಜೊಲ್ಲು ಸುರಿಯುವುದು, ದವಡೆ ಜೋತುಬೀಳುವುದು, ದನಿ ಒಡೆಯುವುದು, ಕಂಡದ್ದನ್ನೆಲ್ಲ ಕಡಿಯುವುದು ಕಾಣಿಸಿದರೆ ಅಥವಾ ಅದು ಸತ್ತರೆ, ಬರಿಗೈಯಿಂದ ಮುಟ್ಟದೆ, ಹೂಳಲೂ ಆತುರಪಡದೆ, ಮೊದಲು ಪಶುವೈದ್ಯರಿಗೂ ಸೂಜಿ ಹಾಕುತ್ತಿರುವ ಆಸ್ಪತ್ರೆಗೂ ತಿಳಿಸತಕ್ಕದ್ದು.